ಕೋಳಿಯ ಲೆಕ್ಕ ಬರೆಯುವ ಮಗಳು, ತತ್ತಿ ಬೇಯಿಸುವ ಅವ್ವ

*ಇಂದಿನ ಧಮ್ಮ ಚಿಂತನೆ*
*ವಿಷಯ: ಸಮ್ಮಾ ಆಜೀವ*

ಧಮ್ಮ ಬಂಧುಗಳೇ,

ಹೋದ ಭಾನುವಾರ ವಿಹಾರದಲ್ಲಿ ಅಷ್ಟಾಂಗ ಮಾರ್ಗದ ಐದನೆಯ ಅಂಗವಾದ ಸಮ್ಮಾ ಆಜೀವದ ಬಗ್ಗೆ ಚರ್ಚೆ ನಡೆಯಿತು. ಯಾವ ದುಡಿಮೆ ಸರಿ, ಯಾವುದು ತಪ್ಪು ಎಂದು ಒಬ್ಬೊಬ್ಬರೇ ಮಾತಾಡುತ್ತಿದ್ದಾಗ ಹಿರಿಯ ಕಾಕಾ ಒಬ್ಬರು ನನ್ನ ಕಡೆ ತಿರುಗಿದರು. "ನೀ ಮನ್ಯಾಗ ಕುಂತು ಕಂಪ್ಯೂಟರ್ ಮ್ಯಾಲೆ ಏನೋ ಕೋಳಿ ಕೆಲಸ ಮಾಡ್ತಿ ಅಂತಲ್ಲವ್ವಾ, ಅದೇನು? ಕೋಳಿ ತಿನಬ್ಯಾಡ್ರಿ ಅಂತ ಹೇಳೂ ಕೆಲಸೇನು? ಹಂಗಿದ್ರ ಅದು ಅವರ ಕೆಲಸ, ನಮ್ಮದಲ್ಲ" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಉತ್ತರ ಕೊಡಲಿಲ್ಲ. ಕೊಡುವಷ್ಟು ಸ್ಪಷ್ಟತೆ ನನಗೇ ಇರಲಿಲ್ಲ. ಒಂದು ವಾರ ಯೋಚಿಸಿ ಇವತ್ತಿನ ಸರದಿಯಲ್ಲಿ ಬರೆಯುತ್ತಿದ್ದೇನೆ. ಉದ್ದವಾಗಿದೆ, ಬಿಡುವಾದಾಗ ಓದಿ.

ಮೊದಲು ನನ್ನ ಕೆಲಸ ಏನೆಂದು ಹೇಳುತ್ತೇನೆ. ಹೊರದೇಶದ ಒಂದು ಸಂಸ್ಥೆಗೆ ನಾನು ಕಲಬುರಗಿಯ ನಮ್ಮ ಮನೆಯಿಂದಲೇ ಸಂಶೋಧನೆ ಮಾಡಿಕೊಡುತ್ತೇನೆ. ಸಾಕಣೆ ಕೇಂದ್ರಗಳಲ್ಲಿ ಕೋಳಿಗಳನ್ನು ಹೇಗೆ ಇಡುತ್ತಾರೆ, ಕಾನೂನು ಏನು ಹೇಳುತ್ತದೆ, ಜನ ಬೇಳೆಕಾಳು, ಸೋಯಾಗಳಿಗೆ ಎಷ್ಟು ಖರ್ಚು ಮಾಡುತ್ತಾರೆ, ಇಂಥ ಮಾಹಿತಿಯನ್ನು ಓದಿ, ಫೋನ್ ಮಾಡಿ, ಎಕ್ಸೆಲ್ ಹಾಳೆಯಲ್ಲಿ ತುಂಬಿ ವರದಿ ಬರೆಯುವುದು ನನ್ನ ಕೆಲಸ. ಪ್ರಾಣಿಗಳ ಪರವಾಗಿ ಮಾತಾಡುವವರು ಆ ವರದಿಗಳನ್ನು ಸರ್ಕಾರದ ಮುಂದೆ, ಕಂಪನಿಗಳ ಮುಂದೆ ಇಡುತ್ತಾರೆ. ನಾನು ಬೀದಿಯಲ್ಲಿ ಘೋಷಣೆ ಕೂಗುವುದಿಲ್ಲ, ಯಾರ ತಟ್ಟೆಗೂ ಕೈ ಹಾಕುವುದಿಲ್ಲ. ಆದರೆ ನಾನು ಬರೆದ ಅಂಕಿ ಎಲ್ಲಿಗೋ ಹೋಗಿ ಏನೋ ಮಾಡುತ್ತದೆ. ಅದಕ್ಕೆ ನಾನು ಹೊಣೆಯಲ್ಲ ಎಂದು ಹೇಳಲಾಗದು.

ಈ ಕೆಲಸ ಯಾಕೆ ಹಿಡಿದೆ ಎಂಬುದನ್ನೂ ಮುಚ್ಚಿಡುವುದಿಲ್ಲ. ಮೊದಲ ಕಾರಣ ಹೊಟ್ಟೆಪಾಡು. ಎಂ.ಎಸ್ಸಿ. ಮುಗಿಸಿ ಬೆಂಗಳೂರಿಗೆ ಹೋದಾಗ ಬಾಡಿಗೆ ಮನೆ ಹುಡುಕಿ ಸಾಕಾಗಿತ್ತು. "ವೆಜ್ ಮಾತ್ರ" ಎಂಬ ಬೋರ್ಡನ್ನು ನಿಮ್ಮಲ್ಲಿ ಎಷ್ಟು ಮಂದಿ ನೋಡಿದ್ದೀರಿ! ಬೋರ್ಡ್ ಇಲ್ಲದ ಕಡೆ ಅಡ್ಡಹೆಸರು ಕೇಳುತ್ತಿದ್ದರು, ಊರು ಕೇಳುತ್ತಿದ್ದರು, ಕೊನೆಗೆ "ನೀವು ಯಾವ ಪೈಕಿ?" ಎನ್ನುತ್ತಿದ್ದರು. ಆಫೀಸಿನಲ್ಲಿ ಡಬ್ಬಿ ತೆಗೆದರೆ ಪಕ್ಕದವರು ಕುರ್ಚಿ ಸರಿಸುತ್ತಿದ್ದರು. ಮನೆಯಿಂದ ಮಾಡುವ ಕೆಲಸ ಸಿಕ್ಕಾಗ ಅದೆಲ್ಲ ತಪ್ಪಿತು. ಅವ್ವನ ಜೊತೆ ಇದ್ದೇನೆ, ತಿಂಗಳ ಕೊನೆಗೆ ಸಂಬಳ ಬರುತ್ತದೆ, ಡಬ್ಬಿಯಲ್ಲಿ ಏನಿದೆ ಎಂದು ಯಾರೂ ಇಣುಕುವುದಿಲ್ಲ.

ಒಮ್ಮೆ ಮಾತ್ರ ವಿಡಿಯೋ ಮೀಟಿಂಗಿನಲ್ಲಿ ದೂರದ ಸಹೋದ್ಯೋಗಿ ಒಬ್ಬರು, "ನೀವು ಬೌದ್ಧ ಕುಟುಂಬದವರು, ಹುಟ್ಟಿನಿಂದಲೇ ಸಸ್ಯಾಹಾರಿ ಅಲ್ಲವೇ?" ಎಂದು ಬಹಳ ಗೌರವದಿಂದ ಕೇಳಿದರು. "ನಮ್ಮಪ್ಪ ದನದ ಖಂಡ ತಿಂದು ಬೆಳೆದವರು, ನಾನೂ ಅವರ ಕೈತುತ್ತು ತಿಂದವಳು" ಎಂದೆ. ಒಂದು ಗಳಿಗೆ ಎಲ್ಲರೂ ಸುಮ್ಮನಾದರು. ಆಮೇಲೆ ಅವರೇ ಕ್ಷಮೆ ಕೇಳಿದರು. ತಪ್ಪು ಅವರದಲ್ಲ. ಹೊರಗಿನವರಿಗೆ ಬೌದ್ಧ ಎಂದರೆ ಒಂದು ಚಿತ್ರ, ಸಸ್ಯಾಹಾರ ಎಂದರೆ ಒಂದು ಚಿತ್ರ. ಈ ನೆಲದಲ್ಲಿ ಆ ಎರಡರ ನಡುವೆ ಜಾತಿ ಕುಳಿತಿದೆ ಎಂಬುದು ಅವರಿಗೆ ಕಾಣುವುದಿಲ್ಲ.

ಕಾಕಾ ಹೇಳಿದ "ಅವರ ಕೆಲಸ" ಎಂಬ ಮಾತಿನ ಹಿಂದೆ ಇರುವುದೂ ಇದೇ. ಆ ಮಾತಿಗೆ ಆಧಾರ ಇದೆ.

ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡದ ಚೌದಾರ್ ಕೆರೆಯ ನೀರು ಮುಟ್ಟಿದ್ದು ಯಾಕೆ? ದನಕ್ಕೆ, ನಾಯಿಗೆ ಬಾಯಿ ಹಾಕಲು ಅಡ್ಡಿಯಿಲ್ಲದ ಕೆರೆಯಲ್ಲಿ ಮನುಷ್ಯರಿಗೆ ಅಡ್ಡಿ ಇತ್ತು. ಪ್ರಾಣಿದಯೆ ಎಂಬ ಮಾತು ಕೇಳಿದಾಗ ನಮ್ಮವರ ಮುಖ ಬಿಗಿಯುವುದಕ್ಕೆ ಇದು ಮೊದಲ ಕಾರಣ. 1948ರಲ್ಲಿ ಪ್ರಕಟವಾದ 'ದಿ ಅನ್‌ಟಚಬಲ್ಸ್' ಗ್ರಂಥದಲ್ಲಿ ಬಾಬಾಸಾಹೇಬರು ಇನ್ನೂ ಆಳಕ್ಕೆ ಹೋಗುತ್ತಾರೆ. ಒಂದು ಕಾಲಕ್ಕೆ ಬ್ರಾಹ್ಮಣರೇ ಗೋಮಾಂಸ ತಿನ್ನುತ್ತಿದ್ದರು, ಬೌದ್ಧ ಧಮ್ಮದ ಮೇಲೆ ಮೇಲುಗೈ ಸಾಧಿಸಲು ಅದನ್ನು ಬಿಟ್ಟು ಗೋವನ್ನು ಪವಿತ್ರ ಮಾಡಿದರು, ಸತ್ತ ದನದ ಮಾಂಸ ತಿನ್ನುತ್ತಿದ್ದ ಒಡೆದ ಜನರನ್ನು ಅಸ್ಪೃಶ್ಯರನ್ನಾಗಿಸಿದರು ಎಂಬುದು ಅವರ ವಾದ. ಅಂದರೆ ನಮ್ಮ ಅಜ್ಜಂದಿರ ತಟ್ಟೆಯನ್ನೇ ನಮ್ಮ ಮೇಲೆ ಅಪರಾಧದ ಸಾಕ್ಷಿಯಾಗಿ ಬಳಸಲಾಯಿತು.

ಇದು ಹಳೆಯ ಕಥೆಯೂ ಅಲ್ಲ. 2016ರ ಜುಲೈಯಲ್ಲಿ ಗುಜರಾತಿನ ಊನಾದಲ್ಲಿ ಸತ್ತ ದನದ ಚರ್ಮ ಸುಲಿಯುತ್ತಿದ್ದ ನಮ್ಮ ಹುಡುಗರನ್ನು ಕಟ್ಟಿ ಹೊಡೆದರು. ಆ ಕುಟುಂಬ 2018ರಲ್ಲಿ ಬುದ್ಧನಿಗೆ ಶರಣಾಯಿತು.

ನಮ್ಮ ರಾಜ್ಯದ ಕಾನೂನನ್ನೂ ನೋಡಿ. ಇದು ನನಗೆ ಕೆಲಸದ ನಡುವೆಯೇ ಕಣ್ಣಿಗೆ ಬಿದ್ದದ್ದು. ಕರ್ನಾಟಕದ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆಯ ಪ್ರಕಾರ ಆಕಳು, ಕರು, ಹೋರಿ, ಎತ್ತು, ಜೊತೆಗೆ 13 ವರ್ಷ ತುಂಬದ ಎಮ್ಮೆ ಕೋಣಗಳನ್ನು ಕಡಿದರೆ 3ರಿಂದ 7 ವರ್ಷ ಜೈಲು, ಕನಿಷ್ಠ 50,000 ರೂಪಾಯಿ ದಂಡ. ಇನ್ನೊಂದು ಕಡೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಇದೆ. ಅದರ 11ನೇ ಕಲಂ ಪ್ರಾಣಿಯನ್ನು ಹೊಡೆಯುವುದು, ಅದಕ್ಕೆ ಅಲುಗಾಡಲೂ ಆಗದಷ್ಟು ಚಿಕ್ಕ ಪಂಜರದಲ್ಲಿ ಇಡುವುದು, ಆಹಾರ ನೀರು ಕೊಡದಿರುವುದು ಅಪರಾಧ ಎನ್ನುತ್ತದೆ. ಮೊದಲ ಸಲದ ದಂಡ ಎಷ್ಟು ಗೊತ್ತೇ? 10 ರೂಪಾಯಿಂದ 50 ರೂಪಾಯಿ.

ಈ ಎರಡು ಅಂಕಿಗಳನ್ನು ಒಂದೇ ಹಾಳೆಯಲ್ಲಿ ಬರೆದ ದಿನ ನಾನು ಬಹಳ ಹೊತ್ತು ಸುಮ್ಮನೆ ಕುಳಿತೆ. ದಯೆಯೇ ಉದ್ದೇಶವಾಗಿದ್ದರೆ ಒಂದು ಪ್ರಾಣಿಯ ವಿಷಯದಲ್ಲಿ 7 ವರ್ಷ ಜೈಲು, ಲಕ್ಷಾಂತರ ಪ್ರಾಣಿಗಳ ವಿಷಯದಲ್ಲಿ 50 ರೂಪಾಯಿ ಎಂದು ಆಗುತ್ತಿರಲಿಲ್ಲ. ಪ್ರಾಣಿಯ ನೋವನ್ನು ಅಳೆದು ಈ ಕಾನೂನು ಮಾಡಿದಂತೆ ಕಾಣುವುದಿಲ್ಲ. ಯಾರು ಕಡಿಯುತ್ತಾರೆ, ಯಾರು ತಿನ್ನುತ್ತಾರೆ ಎಂಬುದನ್ನು ನೋಡಿ ಮಾಡಿದಂತೆ ಕಾಣುತ್ತದೆ. ಆದ್ದರಿಂದ ಕಾಕಾರ ಅನುಮಾನ ನ್ಯಾಯವಾದದ್ದು.

ಹಾಗಾದರೆ ನಾನು ಈ ಕೆಲಸ ಬಿಡಬೇಕೇ? ಇಲ್ಲಿ ನಾವು ತಥಾಗತರ ಹತ್ತಿರ ಹೋಗೋಣ.

ದೇವದತ್ತನ ಪ್ರಸಂಗ ನಿಮಗೆಲ್ಲ ಗೊತ್ತು. ಭಿಕ್ಖುಗಳಿಗೆ ಐದು ಕಠಿಣ ನಿಯಮ ಕಡ್ಡಾಯ ಮಾಡಿ ಎಂದು ಅವನು ಕೇಳಿದ. ಅದರಲ್ಲಿ ಒಂದು, ಮೀನು ಮಾಂಸ ತಿನ್ನಲೇಬಾರದು ಎಂಬುದು. ಬುದ್ಧ ಒಪ್ಪಲಿಲ್ಲ. ತನಗಾಗಿಯೇ ಕೊಂದದ್ದನ್ನು ನೋಡಿಲ್ಲ, ಕೇಳಿಲ್ಲ, ಅಂಥ ಅನುಮಾನವೂ ಇಲ್ಲ ಎಂದಾದರೆ ಭಿಕ್ಖೆಯಲ್ಲಿ ಬಿದ್ದದ್ದನ್ನು ಸ್ವೀಕರಿಸಬಹುದು ಎಂದರು. ಸುತ್ತನಿಪಾತದ ಆಮಗಂಧ ಸುತ್ತದಲ್ಲಿ ಇನ್ನೂ ನೇರವಾಗಿ ಹೇಳಲಾಗಿದೆ. ದುರ್ವಾಸನೆ ಮಾಂಸ ತಿನ್ನುವುದರಲ್ಲಿಲ್ಲ, ಕ್ರೌರ್ಯ, ಮೋಸ, ಚಾಡಿ, ದುರಾಸೆಗಳಲ್ಲಿದೆ ಎಂಬುದು ಅದರ ಸಾರ. ಬೆಂಗಳೂರಿನಲ್ಲಿ ಕುರ್ಚಿ ಸರಿಸಿದವರು ನೆನಪಾದಾಗೆಲ್ಲ ಈ ಸುತ್ತ ನನಗೆ ಸಮಾಧಾನ ಕೊಟ್ಟಿದೆ.

ಆದರೆ ಬಂಧುಗಳೇ, ಸಮಾಧಾನ ಕೊಡುವ ಸುತ್ತವನ್ನು ಮಾತ್ರ ಓದಿ ಪುಸ್ತಕ ಮುಚ್ಚಿದರೆ ಅದು ಅಧ್ಯಯನ ಅಲ್ಲ. ಅಂಗುತ್ತರ ನಿಕಾಯದಲ್ಲಿ ಉಪಾಸಕರು ಮಾಡಬಾರದ ಐದು ವ್ಯಾಪಾರಗಳ ಪಟ್ಟಿ ಇದೆ: ಶಸ್ತ್ರ, ಜೀವಿಗಳು, ಮಾಂಸ, ಮದ್ಯ, ವಿಷ. ತಿನ್ನುವುದಕ್ಕೆ ಅವಕಾಶ ಬಿಟ್ಟ ಬುದ್ಧ ಜೀವ ಮಾರಿ ಲಾಭ ಮಾಡುವುದಕ್ಕೆ ಅವಕಾಶ ಬಿಡಲಿಲ್ಲ. ನಮ್ಮ 22 ಪ್ರತಿಜ್ಞೆಗಳಲ್ಲಿ 13ನೆಯದೂ ಇದೆ. ಎಲ್ಲ ಜೀವಿಗಳಲ್ಲಿ ದಯೆ ತೋರುತ್ತೇನೆ, ಅವನ್ನು ಕಾಪಾಡುತ್ತೇನೆ ಎಂದು ನಾವು ಕೈ ಜೋಡಿಸಿ ಹೇಳಿದ್ದೇವೆ. ಅದನ್ನು ನಮಗೆ ಕೊಟ್ಟವರು ಮಹಾಡದ ಕೆರೆಯ ನೀರು ಮುಟ್ಟಿದ ಅದೇ ಬಾಬಾಸಾಹೇಬರು. ಪ್ರಾಣಿದಯೆಯ ಹೆಸರಿನಲ್ಲಿ ನಡೆದ ಅನ್ಯಾಯ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೂ 1956ರ ಅಕ್ಟೋಬರ್‌ನಲ್ಲಿ ನಾಗಪುರದಲ್ಲಿ ಲಕ್ಷಾಂತರ ಜನರಿಂದ ಆ ಪ್ರತಿಜ್ಞೆ ಹೇಳಿಸಿದರು. ಅವರು ದಯೆಯನ್ನು ಅವರಿಗೇ ಬಿಟ್ಟುಕೊಡಲಿಲ್ಲ, ತಿರುಗಿ ತಂದು ನಮ್ಮ ಕೈಗೆ ಇಟ್ಟರು ಎಂದು ನಾನು ತಿಳಿದಿದ್ದೇನೆ.

'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಅಹಿಂಸೆಯ ಬಗ್ಗೆ ಬಾಬಾಸಾಹೇಬರು ಎರಡು ಭೇದ ಮಾಡುತ್ತಾರೆ. ಒಂದು, ಕೊಲ್ಲುವ ಇಚ್ಛೆ ಬೇರೆ, ಕೊಲ್ಲುವ ಅಗತ್ಯ ಬೇರೆ. ಎರಡು, ನಿಯಮ ಬೇರೆ, ತತ್ವ ಬೇರೆ. ನಿಯಮ ಕೈಕಾಲು ಕಟ್ಟುತ್ತದೆ, ತತ್ವ ಯೋಚಿಸಿ ನಡೆಯುವ ಸ್ವಾತಂತ್ರ್ಯ ಕೊಡುತ್ತದೆ. ಬುದ್ಧನ ಅಹಿಂಸೆ ತತ್ವ ಎನ್ನುತ್ತಾರೆ ಬಾಬಾಸಾಹೇಬರು. ಇದನ್ನು ನಾವು ಸಾಮಾನ್ಯವಾಗಿ ನಮಗೆ ರಿಯಾಯಿತಿ ಸಿಕ್ಕಿತು ಎಂಬಂತೆ ಓದುತ್ತೇವೆ. ನನಗೆ ಹಾಗೆ ಅನ್ನಿಸುವುದಿಲ್ಲ. ನಿಯಮವಾಗಿದ್ದರೆ ಒಮ್ಮೆ ಪಾಲಿಸಿ ಮರೆಯಬಹುದಿತ್ತು. ತತ್ವವಾದ್ದರಿಂದ ಪ್ರತಿ ಸಲವೂ ಇದು ಅಗತ್ಯವೇ, ಇಚ್ಛೆಯೇ ಎಂದು ಕೇಳಿಕೊಳ್ಳಬೇಕು.

ಆ ಪ್ರಶ್ನೆಯನ್ನು ಕೋಳಿ ಶೆಡ್ಡಿನ ಮುಂದೆ ಇಟ್ಟು ನೋಡೋಣ.

ನಮ್ಮ ಅಜ್ಜಿಯ ಕಾಲದಲ್ಲಿ ಕೋಳಿ ಹಿತ್ತಲಲ್ಲಿ ಕೆದಕಿ ತಿಂದು, ಬುಟ್ಟಿಯ ಕೆಳಗೆ ಮಲಗುತ್ತಿತ್ತು. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 85 ಕೋಟಿ ಕೋಳಿ ಮತ್ತಿತರ ಸಾಕುಹಕ್ಕಿಗಳಿದ್ದವು. ಅದರಲ್ಲಿ ಹಿತ್ತಲಿನವು 32 ಕೋಟಿಯೊಳಗೆ, ಉಳಿದವೆಲ್ಲ ವ್ಯಾಪಾರಿ ಶೆಡ್ಡುಗಳವು. ಮೊಟ್ಟೆಯ ಕೋಳಿಗೆ ತಂತಿ ಪಂಜರದಲ್ಲಿ ಸಿಗುವ ಜಾಗ ಒಂದು ಎ4 ಹಾಳೆಗಿಂತ ಕಡಿಮೆ. ರೆಕ್ಕೆ ಬಿಚ್ಚಲಾಗದು, ನೆಲ ಕೆದಕಲಾಗದು. ಒಂದು ವರ್ಷದ ಮೇಲೆ ಅಲ್ಲೇ ನಿಂತು ಮೊಟ್ಟೆ ಇಡಬೇಕು. ಆ ತಳಿಯ ಗಂಡು ಮರಿ ಮೊಟ್ಟೆಯನ್ನೂ ಇಡದು, ಮಾಂಸಕ್ಕೂ ಬೆಳೆಯದು ಎಂದು ಹುಟ್ಟಿದ ದಿನವೇ ಕೊಲ್ಲುತ್ತಾರೆ. ಬ್ರಾಯ್ಲರ್ ಕೋಳಿಯ ಆಯುಷ್ಯ ಆರು ವಾರದ ಆಸುಪಾಸು. ಅಷ್ಟರಲ್ಲಿ ಅದರ ಮೈ ಎಷ್ಟು ಬೇಗ ತೂಕ ಹಿಡಿಯುತ್ತದೆಂದರೆ ಎಷ್ಟೋ ಕೋಳಿಗಳ ಕಾಲು ಆ ಭಾರ ಹೊರುವುದಿಲ್ಲ.

ಮನುಷ್ಯರ ಕಡೆಯೂ ನೋಡಿ. ಬ್ರಾಯ್ಲರ್ ಸಾಕುವ ಬಹಳಷ್ಟು ರೈತರಿಗೆ ಕೋಳಿ ಅವರದಲ್ಲ. ಮರಿ, ಮೇವು, ಔಷಧ ಕಂಪನಿಯದು. ಶೆಡ್ಡಿನ ಸಾಲ, ಕರೆಂಟ್ ಬಿಲ್, ದುಡಿಮೆ ರೈತನದು. ಕಿಲೋ ಲೆಕ್ಕದಲ್ಲಿ ಸಾಕಿದ ಕೂಲಿ ಸಿಗುತ್ತದೆ. ಫೋನಿನಲ್ಲಿ ನಾನು ಮಾತಾಡಿಸಿದ ಒಬ್ಬ ಹೆಣ್ಣುಮಗಳು ಗಂಡನ ಜೊತೆ ಶೆಡ್ಡಿನಲ್ಲೇ ವಾಸ. ಹಿಕ್ಕೆಯ ಗಬ್ಬಿಗೆ ರಾತ್ರಿ ಕಣ್ಣು ಉರಿಯುತ್ತದೆ, ಮಗುವಿಗೆ ಕೆಮ್ಮು ಬಿಟ್ಟಿಲ್ಲ ಎಂದಳು. ಯಾವ ಜನ ಎಂದು ನಾನು ಕೇಳಲಿಲ್ಲ, ಅವಳೇ ಹೇಳಿದಳು. ನಮ್ಮವಳೇ.

ಈ ಪಂಜರ ಯಾರ ಅಗತ್ಯ? ಹಸಿದವನ ಅಗತ್ಯವಲ್ಲ. ಒಂದು ಮೊಟ್ಟೆಗೆ ಕೆಲವು ಪೈಸೆ ಉಳಿಸುವ ಲೆಕ್ಕ ಅದು. 2017ರಲ್ಲಿ ಕೇಂದ್ರ ಕಾನೂನು ಆಯೋಗ ತನ್ನ 269ನೇ ವರದಿಯಲ್ಲಿ ಮೊಟ್ಟೆ ಕೋಳಿ ಮತ್ತು ಬ್ರಾಯ್ಲರ್ ಕೋಳಿಗಳನ್ನು ಇಡುವ, ಸಾಗಿಸುವ ಬಗೆಗೆ ನಿಯಮಗಳನ್ನು ಶಿಫಾರಸು ಮಾಡಿತು. ಅಂದರೆ ಇದು ಕೇವಲ ಭಾವುಕರ ಮಾತಲ್ಲ. ಈ ಭಾಗದ ಕೆಲಸ ಮಾಡುವಾಗ ನನ್ನ ಮನಸ್ಸಿಗೆ ಅಳುಕಿಲ್ಲ. ಇದು ಸಮ್ಮಾ ಆಜೀವ ಎಂದೇ ನಂಬಿದ್ದೇನೆ.

ಅಳುಕು ಬಂದದ್ದು ಬೇರೆ ಕಡೆ. ಅದನ್ನು ಹೇಳುವುದಕ್ಕಾಗಿಯೇ ಇಷ್ಟು ಬರೆದೆ.

ನಮ್ಮವ್ವ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಹೊಸದಾಗಿ ಸೇರಿದಾಗ ಅವಳು ಮಾಡಿದ ಅನ್ನ ಉಣ್ಣಬೇಡಿ ಎಂದು ಕೆಲವರು ಮಕ್ಕಳಿಗೆ ಹೇಳಿ ಕಳಿಸಿದ್ದರು. ಅವ್ವ ಹಟ ಹಿಡಿದು ಅಡುಗೆ ಮಾಡಿದಳು. ಹಸಿದ ಮಕ್ಕಳು ಎಷ್ಟು ದಿನ ಜಾತಿ ನೋಡಿಯಾರು? 2021ರ ಡಿಸೆಂಬರ್‌ನಲ್ಲಿ ನಮ್ಮ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಮಠಾಧೀಶರು ವಿರೋಧಿಸಿದ್ದು, ಅದಕ್ಕೆ ಶಾಲೆಯ ಹುಡುಗಿಯೊಬ್ಬಳು ಗಟ್ಟಿಯಾಗಿ ಉತ್ತರ ಕೊಟ್ಟ ವಿಡಿಯೋ ನಮ್ಮ ಗುಂಪಿಗೂ ಬಂದದ್ದು ನಿಮಗೆ ನೆನಪಿರಬಹುದು. ಆಮೇಲೆ ಇಡೀ ರಾಜ್ಯಕ್ಕೆ ವಿಸ್ತರಿಸಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನ ಆಯಿತು. ಬೇಡ ಎಂದ ಮಕ್ಕಳಿಗೆ ಬಾಳೆಹಣ್ಣು.

ಅದರ ಮುಂದಿನ ವರ್ಷ ನನ್ನ ಸಂಸ್ಥೆಯಿಂದ ಒಂದು ಕೆಲಸ ಬಂತು. ಶಾಲೆಯ ಊಟದಲ್ಲಿ ಮೊಟ್ಟೆಗೆ ಬದಲಾಗಿ ಏನು ಕೊಡಬಹುದು ಎಂಬುದರ ಮೇಲೆ ನಾಲ್ಕು ಪುಟ ಬರೆಯಬೇಕು.

ಎರಡು ರಾತ್ರಿ ಒಂದು ಸಾಲೂ ಬರೆಯಲಾಗಲಿಲ್ಲ. ಅಂಕಿಗಳು ನನಗೆ ಬಾಯಿಪಾಠ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, ಒಂದು ಬಾಳೆಹಣ್ಣಿನಲ್ಲಿ 1 ಗ್ರಾಂ ಆಸುಪಾಸು. ಶೇಂಗಾ, ತೊಗರಿ, ಸೋಯಾಗಳಲ್ಲಿ ಪ್ರೋಟೀನ್ ಧಾರಾಳ, ಆದರೆ ಬಿ12 ಇಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ, ನೂರಕ್ಕೆ 65 ಮಕ್ಕಳಿಗೆ ರಕ್ತಹೀನತೆ. ಇದು ರಾಜ್ಯದ ಸರಾಸರಿ. ನಮ್ಮ ಭಾಗದ ಕಥೆ ನಿಮಗೆ ಹೇಳಬೇಕಿಲ್ಲ.

ಮೂರನೇ ರಾತ್ರಿ ಅವ್ವನಿಗೆ ಹೇಳಿದೆ. ಕೋಳಿ ಪಂಜರದ ಫೋಟೋ ತೋರಿಸಿದೆ, ನನಗೆ ಬಂದ ಕೆಲಸವನ್ನೂ ಹೇಳಿದೆ. ಅವ್ವ ಕನ್ನಡಕ ಹಾಕಿಕೊಂಡು ಫೋಟೋ ಬಹಳ ಹೊತ್ತು ನೋಡಿದಳು.

"ಇವು ಇಡೂ ತತ್ತಿನೇ ಏನು ನಾ ದಿನಾ ಕುದಸೂದು?"

"ಹೌದವ್ವ. ಹೆಚ್ಚು ಕಡಿಮಿ ಇವೇ."

"ಪಾಪ" ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ನಾಕನೇತ್ತಿ ಹುಡುಗಿ ಒಬ್ಬಾಕಿ ಅದಾಳ. ತತ್ತಿ ಅರ್ಧ ತಿಂದು ಅರ್ಧ ಕಿಸೆದಾಗ ಇಟ್ಕೊಂತಾಳ, ತಮ್ಮಗ. ಅಕಿಗೆ ಏನಂತ ಹೇಳ್ತಿ?" ಎಂದು ಕೇಳಿದಳು.

ನಾನು ಸುಮ್ಮನಿದ್ದೆ.

"ಕೋಳಿ ತ್ರಾಸ ಪಡತದ ಅಂತ ಹೇಳೂದು ಸುಳ್ಳಲ್ಲ. ಹೇಳು. ಆದರ ಆ ಹುಡುಗಿ ಕೈಯಾನ ತತ್ತಿ ಕಸಗೊಂಡು ಹೇಳಬ್ಯಾಡ" ಎಂದು ಹಾಸಿಗೆ ಹಾಸಲು ಎದ್ದಳು.

ನನ್ನ ಮುಂದೆ ಮೂರು ದಾರಿ ಇದ್ದವು. ಒಂದು, ಹೇಳಿದ್ದನ್ನು ಬರೆದುಕೊಟ್ಟು ಸಂಬಳ ತೆಗೆದುಕೊಳ್ಳುವುದು. ನನ್ನ ಹೆಸರು ಅದರ ಮೇಲೆ ಇರುವುದಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ. ಎರಡು, ಕೆಲಸ ಬಿಡುವುದು. ಆಗ ಅದೇ ನಾಲ್ಕು ಪುಟವನ್ನು ಬೇರೆ ಯಾರೋ ಬರೆಯುತ್ತಾರೆ, ಸರ್ಕಾರಿ ಶಾಲೆಯ ಮೆಟ್ಟಿಲು ಹತ್ತದವರು. ಮೂರು, ಬಾಯಿ ಬಿಟ್ಟು ಹೇಳುವುದು. ಸಮ್ಮಾ ಆಜೀವಕ್ಕಿಂತ ಎರಡು ಹೆಜ್ಜೆ ಮೊದಲು ಸಮ್ಮಾ ವಾಚಾ ಇದೆಯಲ್ಲ, ಅದು ಯಾಕೆ ಮೊದಲು ಬರುತ್ತದೆ ಎಂದು ನನಗೆ ಅವತ್ತು ತಿಳಿಯಿತು. ಬಾಯಿ ಕಟ್ಟಿಕೊಂಡು ಮಾಡಿದ ದುಡಿಮೆ ಎಷ್ಟೇ ಒಳ್ಳೆಯ ಹೆಸರಿನದಾದರೂ ಸರಿಯಾದ ದುಡಿಮೆ ಆಗುವುದಿಲ್ಲ.

ಮರುದಿನ ಮೀಟಿಂಗಿನಲ್ಲಿ ಹೇಳಿದೆ. "ನಾನು ಈ ಪ್ರಶ್ನೆಗೆ ಉತ್ತರ ಬರೆಯುವುದಿಲ್ಲ. ಪ್ರಶ್ನೆಯೇ ತಪ್ಪು. ನಿಮ್ಮ ದೇಶದಲ್ಲಿ ಮಕ್ಕಳ ತಟ್ಟೆಯಲ್ಲಿ ಮಾಂಸ ಹೆಚ್ಚಾಗಿದೆ, ಅಲ್ಲಿ ಕಡಿಮೆ ಮಾಡಿ ಎನ್ನುವುದಕ್ಕೆ ಅರ್ಥ ಇದೆ. ಇಲ್ಲಿ ತಟ್ಟೆ ಖಾಲಿ ಇದೆ. ಈ ಮೊಟ್ಟೆಯನ್ನು ತೆಗೆಯಬೇಕು ಎಂದು ಮೊದಲು ಕೇಳಿದವರು ಕೋಳಿಯ ನೋವು ಕಂಡು ಕೇಳಿದವರಲ್ಲ. ನಾವು ಏನೇ ಬರೆದರೂ ಅದು ಅವರ ಕೈಗೆ ಹೋಗುತ್ತದೆ. ನನ್ನ ತಾಯಿ ಮಾಡಿದ ಅನ್ನ ಬೇಡ ಎಂದವರ ಕೈಗೆ ಹೋಗುತ್ತದೆ."

ನನ್ನ ಇಂಗ್ಲಿಷ್ ತಡವರಿಸಿತು. ಕೈ ನಡುಗಿತು. ಕೆಲಸ ಹೋಯಿತು ಎಂದೇ ಅಂದುಕೊಂಡೆ. ಮೇಲಿನವರು ಒಂದು ದಿನ ಸಮಯ ಕೇಳಿದರು. ಮರುದಿನ, "ಹಾಗಾದರೆ ಸರಿಯಾದ ಪ್ರಶ್ನೆ ಯಾವುದು, ನೀವೇ ಬರೆಯಿರಿ" ಎಂದರು.

ನಾನು ಎರಡು ಪ್ರಶ್ನೆ ಬರೆದೆ. ಮೊಟ್ಟೆಗೆ ಬದಲಾಗಿ ಅಲ್ಲ, ಮೊಟ್ಟೆಯ ಜೊತೆಗೆ, ಶೇಂಗಾ, ಕಾಳು, ದಪ್ಪ ಬೇಳೆಯನ್ನು ಇನ್ನಷ್ಟು ಕೊಡಲು ಏನು ಬೇಕು? ಸರ್ಕಾರ ಕೊಳ್ಳುವ ಮೊಟ್ಟೆಯಲ್ಲಿ ಒಂದು ಪಾಲನ್ನಾದರೂ ಪಂಜರವಿಲ್ಲದೆ ಕೋಳಿ ಸಾಕುವ ಹಳ್ಳಿಯ ಮಹಿಳಾ ಸಂಘಗಳಿಂದ ಕೊಳ್ಳಬಹುದೇ, ಅದಕ್ಕೆ ಎಷ್ಟು ಹೆಚ್ಚು ಖರ್ಚು, ಆ ಖರ್ಚನ್ನು ಮಕ್ಕಳ ತಟ್ಟೆಯಿಂದ ಕಡಿತ ಮಾಡದೆ ಹೇಗೆ ಭರಿಸುವುದು? ಈಗ ಆ ಕೆಲಸ ನಡೆಯುತ್ತಿದೆ.

ಇದನ್ನು ಗೆದ್ದ ಕಥೆ ಎಂದು ತಿಳಿಯಬೇಡಿ. ಹಿತ್ತಲಿನ ಕೋಳಿಗಳಿಂದ ಒಂದು ತಾಲ್ಲೂಕಿನ ಶಾಲೆಗಳಿಗೆ ದಿನವೂ ಮೊಟ್ಟೆ ಹೊಂದಿಸುವುದು ಎಷ್ಟು ಕಷ್ಟ ಎಂದು ಲೆಕ್ಕ ಹಾಕುವಾಗ ಗೊತ್ತಾಗುತ್ತಿದೆ. ಮುಂದಿನ ವರ್ಷ ಹಣ ಕೊಡುವವರು ಮತ್ತೆ ಹಳೆಯ ಪ್ರಶ್ನೆಯನ್ನೇ ಕೇಳಬಹುದು. ಆಗ ನಾನು ಕೆಲಸ ಬಿಡುತ್ತೇನೆ. ಅದನ್ನು ಈ ಗುಂಪಿನಲ್ಲಿ ಬರೆದು ಇಡುತ್ತಿದ್ದೇನೆ, ಆಮೇಲೆ ನಾನು ಮರೆತರೆ ನೀವು ನೆನಪಿಸಬೇಕು. ಅಲ್ಲಿಯವರೆಗೆ ಅವ್ವ ಕುದಿಸುವ ಒಂದೊಂದು ತತ್ತಿಯ ಹಿಂದೆಯೂ ಆ ತಂತಿ ಪಂಜರ ಇದೆ ಎಂಬುದು ಹಾಗೇ ಉಳಿಯುತ್ತದೆ. ಮಕ್ಕಳ ಹಸಿವು ಅದನ್ನು ಅಳಿಸುವುದಿಲ್ಲ. ಹಸಿವಿನ ಮುಂದೆ ಅದು ಕಾಯಬೇಕಾಗಿದೆ, ಅಷ್ಟೆ.

ನಮ್ಮ ಜಿಲ್ಲೆಯ ಸನ್ನತಿಯಲ್ಲಿ ಅಶೋಕನ ಶಾಸನ ಸಿಕ್ಕಿದೆ ಎಂದು ನಾವು ಹೆಮ್ಮೆ ಪಡುತ್ತೇವೆ. ಆತನ ಶಾಸನಗಳಲ್ಲಿ ನನಗೆ ಬಹಳ ಹಿಡಿಸಿದ್ದು ಅಡುಗೆಮನೆಯ ಮಾತು. ಮೊದಲನೆಯ ಬಂಡೆ ಶಾಸನದಲ್ಲಿ ಅವನು ಲೆಕ್ಕ ಒಪ್ಪಿಸುತ್ತಾನೆ. ಹಿಂದೆ ನನ್ನ ಅಡುಗೆಮನೆಗೆ ದಿನವೂ ಲಕ್ಷಾಂತರ ಪ್ರಾಣಿಗಳನ್ನು ಕೊಲ್ಲುತ್ತಿದ್ದರು, ಈಗ ಎರಡು ನವಿಲು ಒಂದು ಜಿಂಕೆ ಮಾತ್ರ, ಜಿಂಕೆಯೂ ದಿನಾ ಅಲ್ಲ, ಮುಂದೆ ಅದೂ ಇರುವುದಿಲ್ಲ ಎನ್ನುತ್ತಾನೆ. ಐದನೆಯ ಸ್ತಂಭ ಶಾಸನದಲ್ಲಿ ಹುಂಜಗಳ ಬೀಜ ಒಡೆಯಬಾರದು ಎಂದೂ ಬರೆಸಿದ್ದಾನೆ. ಚಕ್ರವರ್ತಿಯೊಬ್ಬ ಹುಂಜದ ನೋವನ್ನು ಕಲ್ಲಿನ ಮೇಲೆ ಬರೆಸಿದ. ಆದರೆ ಲೆಕ್ಕ ಶುರು ಮಾಡಿದ್ದು ಬಡವನ ಗುಡಿಸಿಲಿನಿಂದಲ್ಲ, ತನ್ನ ಅರಮನೆಯ ಒಲೆಯಿಂದ. ಬೌದ್ಧ ದಯೆಗೂ ಮಡಿವಂತರ ದಯೆಗೂ ಇರುವ ವ್ಯತ್ಯಾಸ ನನಗೆ ಇಲ್ಲಿ ಕಾಣುತ್ತದೆ. ಮಡಿ ಪಕ್ಕದವನ ತಟ್ಟೆ ನೋಡುತ್ತದೆ. ಕರುಣೆ ತನ್ನ ತಟ್ಟೆ ನೋಡಿಕೊಳ್ಳುತ್ತದೆ, ಆಮೇಲೆ ಯಾರಿಗೆ ಹೆಚ್ಚು ಇದೆಯೋ ಅವರನ್ನು ಕೇಳುತ್ತದೆ.

ನನ್ನ ತಟ್ಟೆಯ ಲೆಕ್ಕವನ್ನೂ ಹೇಳಬೇಕು. ಎರಡು ವರ್ಷದಿಂದ ನಾನು ಬ್ರಾಯ್ಲರ್ ತಿಂದಿಲ್ಲ, ಅಂಗಡಿಯ ಮೊಟ್ಟೆಯೂ ತಿನ್ನುತ್ತಿಲ್ಲ. ಸಂಬಳ ಬರುತ್ತದೆ, ಕಾಳು ಬೇಳೆ ಕೊಳ್ಳಬಲ್ಲೆ, ಬಿ12 ಗುಳಿಗೆ ಕೊಳ್ಳಬಲ್ಲೆ. ಅಂದರೆ ನನಗೆ ಅಗತ್ಯ ಇಲ್ಲ, ಆದ್ದರಿಂದ ಬಿಟ್ಟೆ. ಅವ್ವ ತಿನ್ನುತ್ತಾಳೆ, ಒಂದೇ ಒಲೆ, ಜಗಳ ಇಲ್ಲ. ಯಾರಾದರೂ "ಓಹೋ, ನೀವು ವೆಜ್ಜಾ, ಒಳ್ಳೇದು" ಎಂದು ಮೆಚ್ಚಿದರೆ ಮಾತ್ರ, "ನಮ್ಮಪ್ಪ ದನದ ಖಂಡ ತಿನ್ನುತ್ತಿದ್ದರು, ಅವರಷ್ಟು ಒಳ್ಳೆಯ ಮನುಷ್ಯ ನಾನು ಇನ್ನೂ ಆಗಿಲ್ಲ" ಎನ್ನುತ್ತೇನೆ. ಆ ಮೆಚ್ಚುಗೆ ತೆಗೆದುಕೊಂಡರೆ ಅಪ್ಪನನ್ನು ಕೆಳಗೆ ತಳ್ಳಿದಂತೆ.

ಇನ್ನೊಂದು ಮಾತು. ಪ್ರಾಣಿಗಳ ಪರ ಇರುವ ಕೆಲವರು ಕೋಳಿಯ ಪಂಜರವನ್ನೂ ನಮ್ಮ ಕೇರಿಯನ್ನೂ ಹೋಲಿಸುತ್ತಾರೆ. ನಮ್ಮನ್ನು ಸಾವಿರಾರು ವರ್ಷ ಪ್ರಾಣಿಗಿಂತ ಕೀಳಾಗಿ ಕಂಡ ಈ ದೇಶದಲ್ಲಿ ಆ ಹೋಲಿಕೆ ಬೇಡ ಎಂದು ನಾನು ಅವರಿಗೆ ಹೇಳಿದ್ದೇನೆ. ಕೋಳಿಯ ನೋವು ಅರ್ಥವಾಗಲು ಅದು ನಮ್ಮ ನೋವಿನಂತೆ ಇರಬೇಕಿಲ್ಲ. ಅದಕ್ಕೆ ನೋವಾಗುತ್ತದೆ ಎಂಬುದೇ ಸಾಕು.

ಕಾಕಾ, ನಿಮ್ಮ ಪ್ರಶ್ನೆಗೆ ಈಗ ಉತ್ತರ ಕೊಡುತ್ತೇನೆ. ಈ ಕೆಲಸ ಅವರದೂ ಅಲ್ಲ, ನಮ್ಮದೂ ಅಲ್ಲ, ಮಾಡುವ ರೀತಿಯ ಮೇಲೆ ಅದು ಯಾರದ್ದೋ ಆಗುತ್ತದೆ. ತಿನ್ನುವವನನ್ನು ಮೈಲಿಗೆ ಎನ್ನುವ ದಾರಿಯಲ್ಲಿ ಮಾಡಿದರೆ ಅವರದು. ಹಸಿದವನ ಕೈಗೆ ಕೈ ಹಾಕದೆ, ಜೀವವನ್ನು ಸರಕು ಮಾಡಿದ ಲಾಭವನ್ನು ಪ್ರಶ್ನಿಸುವ ದಾರಿಯಲ್ಲಿ ಮಾಡಿದರೆ 13ನೇ ಪ್ರತಿಜ್ಞೆ ಮಾಡಿದ ನಮ್ಮದು. ಎರಡನೆಯ ದಾರಿಯಲ್ಲಿ ಇದ್ದೇನೆಯೇ ಎಂದು ನಾನು ಆಗಾಗ ನೋಡಿಕೊಳ್ಳುತ್ತಿರಬೇಕು. ನೀವೂ ನೋಡುತ್ತಿರಿ, ನಗುತ್ತಲೇ ಆದರೂ ಕೇಳುತ್ತಿರಿ.

*ಇಂದಿನ ಆತ್ಮಾವಲೋಕನಕ್ಕೆ:*

1. ನನ್ನ ದುಡಿಮೆಯ ಫಲ ಎಲ್ಲಿಗೆ ಹೋಗಿ ಯಾರನ್ನು ಮುಟ್ಟುತ್ತದೆ? ನನಗೆ ಗೊತ್ತಿದೆಯೇ, ಗೊತ್ತು ಮಾಡಿಕೊಂಡಿದ್ದೇನೆಯೇ?

2. ನನ್ನ ಕೆಲಸದಲ್ಲಿ ಹೇಳಬೇಕಾದ ಯಾವ ಮಾತನ್ನು ಸಂಬಳದ ಭಯಕ್ಕೆ ನುಂಗಿಕೊಂಡಿದ್ದೇನೆ?

3. ನಾನು ಇವತ್ತು ಮಾಡಿದ ಯಾವ ಹಿಂಸೆ ಅಗತ್ಯದ್ದು, ಯಾವುದು ಬರೀ ರೂಢಿಯದು?

ಈ ಭಾನುವಾರ ವಿಹಾರದಲ್ಲಿ ವಂದನೆಯ ನಂತರ ಇದರ ಮೇಲೆ ಮಾತಾಡೋಣ. ಒಪ್ಪದವರು ತಪ್ಪದೆ ಬನ್ನಿ. ಅವ್ವನೂ ಬರುತ್ತಾಳೆ.

ನಮೋ ಬುದ್ಧಾಯ. ಜೈ ಭೀಮ್.